ಮನೆ ಹೆಸರು

ಮಡಿಕೇರಿ ಕಾಲೇಜು ರಸ್ತೆ, ಜೇನು, ವೈನು ಮಾರುವ ಅಂಗಡಿಯ ಮೇಲೆ
ಎರಡು ಕೋಣೆ, ಒಂದು ಪ್ರಿಂಟರು, ಯಾವತ್ತೂ ಒಣಗದ ಕೊಡೆ.
ಬಾಗಿಲಿಗೆ ಹಿತ್ತಾಳೆ ಫಲಕ: ಸಮ್ಮತಿ ಅಡ್ವೈಸರ್ಸ್.
ಪ್ರಧಾನ ಕಚೇರಿ ಬೆಂಗಳೂರು. ಇಲ್ಲಿಯ ಶಾಖೆ ಎಂದರೆ ನಾನು,
ಹನ್ನೊಂದು ವರ್ಷ ಸುದ್ದಿ ಬರೆದು
(ಸಾವು, ಕಾಳುಮೆಣಸಿನ ದರ, ಆನೆ ದಾಳಿ, ಮತ್ತೆ ಸಾವು)
ಪತ್ರಿಕೆ ಮುಚ್ಚಿದ ಮೇಲೆ ಇಲ್ಲಿ ಬಂದು ಕೂತವನು.

ಗಿರಾಕಿ ಈ ಸಲ ರೋಪ್‌ವೇ ಕಂಪನಿ.
ಬೆಟ್ಟದಿಂದ ಬೆಟ್ಟಕ್ಕೆ ತಂತಿ, ತಂತಿಗೊಂದು ಪೆಟ್ಟಿಗೆ,
ಪೆಟ್ಟಿಗೆಯೊಳಗೆ ಪ್ರವಾಸಿ, ಅವನ ಕೈಯಲ್ಲಿ ಫೋನು.
ವಿಧಾನಸೌಧದ ಮೊಗಸಾಲೆ ಶ್ರೀವತ್ಸ ನೋಡಿಕೊಳ್ಳುತ್ತಾನೆ.
ಯಾವ ಮೇಜಿಗೆ ಯಾವ ಹೊತ್ತು, ಯಾರ ಅಳಿಯನಿಗೆ ಏನು ಇಷ್ಟ,
ಅದು ಅವನ ವಿದ್ಯೆ. ನನ್ನದು ಜನಾಭಿಪ್ರಾಯ:
ಇಲ್ಲದಿದ್ದರೆ ತಯಾರಿಸುವುದು, ಇದ್ದರೆ ತಿದ್ದುವುದು.
ಗುಡ್ಡ ಕುಸಿತ ಅನ್ನಬಾರದು,
ಇಳಿಜಾರಿನ ಹೊಂದಾಣಿಕೆ ಅನ್ನಬೇಕು.
ಮರ ಕಡಿಯುವುದಿಲ್ಲ, ಮರಗಳಿಗೆ ಬೇರೆ ಜಾಗ ಕೊಡುತ್ತೇವೆ.

ಬೆಂಗಳೂರಿನಿಂದ ಒಂದು ಓದುಗರ ಪತ್ರ ಬಂತು,
ಕೆಳಗೆ ಸಹಿ: ಬೋಪಯ್ಯ, ಮಡಿಕೇರಿ.
ಮಾರಾಯ, ಎಂದೆ ಫೋನಿನಲ್ಲಿ,
ಮನೆ ಹೆಸರಿಲ್ಲದ ಬೋಪಯ್ಯನನ್ನು
ಇಲ್ಲಿ ಬಸ್ ಸ್ಟ್ಯಾಂಡಿನ ನಾಯಿಯೂ ನಂಬುವುದಿಲ್ಲ.
ಯಾವ ಒಕ್ಕ, ಯಾವ ನಾಡು, ತಾಯಿ ಎಲ್ಲಿಯವಳು,
ಈ ಮೂರು ಪ್ರಶ್ನೆ ದಾಟದೆ ಇಲ್ಲಿ ಯಾರೂ ಹುಟ್ಟುವುದಿಲ್ಲ.

ಹಾಗಾಗಿ ನಾನೇ ಹುಟ್ಟಿಸಿದೆ. ಕಿಟಕಿಯಾಚೆ ಮಂಜು;
ಮಂಜಿಮಂಡ ಎಂದು ಬರೆದೆ. ಮಂಜಿಮಂಡ ಉತ್ತಯ್ಯ.
ನಿವೃತ್ತ ಸುಬೇದಾರ, ವಯಸ್ಸು ಎಪ್ಪತ್ತೊಂದು,
ಮೂರು ಎಕರೆ ರೊಬಸ್ಟಾ, ಒಂದು ಮೊಂಡು ನಾಯಿ,
ಎಡಗಿವಿ ಸ್ವಲ್ಪ ಮಂದ. ಅದನ್ನು ಯಾಕೆ ಸೇರಿಸಿದೆನೋ ಗೊತ್ತಿಲ್ಲ.
ವಾರಕ್ಕೊಂದು ಪತ್ರ ಬರೆದ, ಅಭಿವೃದ್ಧಿಯ ಪರ, ಸಭ್ಯವಾಗಿ,
ನಂಬಿಕೆ ಬರಲೆಂದು ಎರಡು ಕಾಗುಣಿತ ತಪ್ಪಿಸಿ.
ನಾಲ್ಕನೆಯ ತಿಂಗಳಿಗೆ ಅವನ ಧಾಟಿ ನನ್ನ ಬೆರಳಿಗೆ ಹತ್ತಿತ್ತು.
ರಾತ್ರಿ ಕೆಲವೊಮ್ಮೆ ಕೇಳದೆಯೇ ಒಂದು ಸಾಲು ಹೆಚ್ಚು ಬರೆಯುತ್ತಿದ್ದ,
ಬತ್ತುತ್ತಿರುವ ತೋಡಿನ ಬಗ್ಗೆ,
ಹೆಂಡತಿ ನೆಟ್ಟ ಕಿತ್ತಳೆ ಗಿಡದ ಬಗ್ಗೆ.
ಬೆಳಿಗ್ಗೆ ಎದ್ದು ನಾನೇ ಹೊಡೆದು ಹಾಕುತ್ತಿದ್ದೆ.

ಸಾರ್ವಜನಿಕ ಅಹವಾಲಿನ ದಿನ ಉತ್ತಯ್ಯನಿಗೂ ಆಹ್ವಾನ.
ಮುಂದಿನ ಸಾಲಿನಲ್ಲಿ ಕುರ್ಚಿ, ಕುರ್ಚಿಗೆ ಹೆಸರಿನ ಚೀಟಿ.
ಜ್ವರ ಅಂತ ಹೇಳು, ಶ್ರೀವತ್ಸ ಮೆಸೇಜು ಮಾಡಿದ.
ಹೇಳಿದೆ. ದಾಖಲಾಯಿತು.

ಆಗ ಹಿಂದಿನಿಂದ ಒಬ್ಬಳು ಬಂದಳು, ಬೆನ್ನು ಬಾಗಿದವಳು,
ನೆರಿಗೆ ಹಿಂದಕ್ಕೆ ಬಿಟ್ಟ ಸೀರೆ, ಕಾಲಿಗೆ ರಬ್ಬರ್ ಬೂಟು,
ನಾಪೋಕ್ಲಿನಾಚೆಯಿಂದ ಎರಡು ಬಸ್ಸು ಬದಲಿಸಿ.
ಪರವೋ ವಿರೋಧವೋ, ಮೈಕು ಹಿಡಿದ ಹುಡುಗ ಕೇಳಿದ.
ಅದಲ್ಲ, ಅಂದಳು.
ಮಂಜಿಮಂಡ ನನ್ನ ತಾಯಿಯ ತಾಮನೆ. ಅಳಿದ ಒಕ್ಕ.
ಕಡೆಯ ಗಂಡಸು ಬರ್ಮಾ ಯುದ್ಧಕ್ಕೆ ಹೋದವ ಬರಲಿಲ್ಲ.
ನೆಲ್ಲಕ್ಕಿಯ ದೀಪ ನಿಂತಾಗ ನನಗೆ ಆರು ವರ್ಷ,
ಎಣ್ಣೆಯ ಬಟ್ಟಲು ಹಿಡಿದುಕೊಂಡಿದ್ದವಳು ನಾನೇ.
ಒಬ್ಬ ಉಳಿದಿದ್ದಾನೆ ಅಂತ ಪೇಪರಿನಲ್ಲಿ ಓದಿದೆ.
ನೋಡಿ ಹೋಗೋಣ ಅಂತ ಬಂದೆ.

ಸಭೆ ನಕ್ಕಿತೋ ಇಲ್ಲವೋ ನನಗೆ ನೆನಪಿಲ್ಲ.
ಖಾಲಿ ಕುರ್ಚಿಯ ಪಕ್ಕದಲ್ಲಿ ಕೂತಳು,
ಚೀಲದಿಂದ ಬಾಳೆಲೆಯ ಪೊಟ್ಟಣ ತೆಗೆದು ಅದರ ಮೇಲಿಟ್ಟಳು.
ಕಡಂಬುಟ್ಟು. ಆರಿ ಹೋಗಿದ್ದವು.
ಜ್ವರ ಜಾಸ್ತಿಯಾ? ನನ್ನನ್ನೇ ಕೇಳಿದಳು.
ಇಳೀತಾ ಇದೆ, ಅಂದೆ.
ಕಿವಿ?
ಆ ಮನೆಯ ಗಂಡಸರಿಗೆಲ್ಲ ಎಡಗಿವಿ ಮಂದ.

ಸಂಜೆ ವರದಿ ಕಳಿಸಿದೆ: ಪರ ಅರವತ್ತೆರಡು,
ವಿರೋಧ ನಲವತ್ತು, ಇತರೆ ಒಂದು.
ಷರಾ ಬರೆಯುವ ಜಾಗ ಖಾಲಿ ಬಿಟ್ಟೆ.
ಪೊಟ್ಟಣ ಇನ್ನೂ ಪ್ರಿಂಟರಿನ ಮೇಲಿದೆ, ಇರುವೆ ಸಾಲು ಹತ್ತಿದೆ.

ಈ ವಾರದ ಪತ್ರ ಎಲ್ಲಿ, ಶ್ರೀವತ್ಸ ಕೇಳುತ್ತಾನೆ.
ಬರೆಯುತ್ತಿದ್ದಾನೆ, ಅನ್ನುತ್ತೇನೆ, ನಿಧಾನ.
ತೋಡಿನ ಸಾಲು ಹೊಡೆದು ಹಾಕಲು ಬಿಡುತ್ತಿಲ್ಲ.