ಹೋಗಿ ಬರುವ ಉಕ್ಕು

ಮಡಿಕೇರಿಯ ಆಸ್ಪತ್ರೆಯಲ್ಲಿ ಹದಿನೇಳು ವರ್ಷದಿಂದ
ಕತ್ತರಿ, ಚಿಮಟ ತೊಳೆದು ಹಬೆಗೆ ಇಡುವವಳು ನಾನು.
ಮೂಳೆ ಕೂಡಿಸುವುದನ್ನು ಕಂಡಿದ್ದೇನೆ, ಕಲಿತಿಲ್ಲ.
ಯಾವ ಉಕ್ಕು ಹೋಯಿತು, ಯಾವುದು ಬಂತು,
ಅಷ್ಟೇ ನನ್ನ ವಹಿ.

ಫೆಬ್ರವರಿಯ ಒಂದೇ ವಾರ ಎರಡು ಕಾಲು ಬಂದವು.
ಕುಂಞಾಲಿಯದು ಮೊದಲು. ನೆಲ್ಯಹುದಿಕೇರಿಯವನು.
ಲಾರಿಗೇರಿಸುತ್ತಿದ್ದ ಸಿಲ್ವರ್ ಓಕ್ ದಿಮ್ಮಿ ಜಾರಿ
ಕಣಕಾಲಿನ ಎಲುಬು ತೊಗಲು ಸೀಳಿ ಹೊರಗಿಣುಕಿತ್ತು.
ಗಾಯದ ತುಂಬ ಮರದ ಹೊಟ್ಟು, ಕೆಮ್ಮಣ್ಣು.
ಮೂರನೇ ದಿನಕ್ಕೆ ಪಾಲಿಬೆಟ್ಟದ ಲೈನ್ ಮನೆಯ ಚಾತ,
ಮೆಣಸು ಕುಯ್ಯುವ ಏಣಿಯ ತುದಿಯಿಂದ ನೇರ ಕಲ್ಲಿಗೆ.
ಸೊಂಟದ ಚೀಲದಲ್ಲಿ ಇನ್ನೂ ಹಸಿ ಗೊಂಚಲು.

ಬಕೆಟ್ಟುಗಟ್ಟಲೆ ಸಲೈನು ಸುರಿದು ತೊಳೆದರು.
ನೀರು ತಿಳಿಯಾಗುವವರೆಗೆ ಯಾರೂ ಮಾತಾಡಲಿಲ್ಲ.
ಆಮೇಲೆ ಶುರು.

"ಹೊರಗಿಂದ ಕಟ್ಟಿಬಿಡೋಣ," ಉತ್ತಯ್ಯ ಡಾಕ್ಟರು,
"ಹೊಲಸಾದ ಗಾಯಕ್ಕೆ ಸರಳಿಳಿಸಿದರೆ
ಮಜ್ಜೆಯುದ್ದಕ್ಕೂ ಕೀವಿಗೆ ರಸ್ತೆ ಹಾಕಿಕೊಟ್ಟಂತೆ."
"ಹೊರಗಿನ ಮೊಳೆಯೂ ಕೀವು ಕಟ್ಟುತ್ತಲ್ಲ ಸರ್?"
ಲಿಖಿತಾ ಡಾಕ್ಟರ ದನಿ ಮಾಸ್ಕಿನೊಳಗಿಂದ,
"ಎಲುಬು ವಾಲಿಕೊಂಡು ಕೂಡುತ್ತೆ, ಮತ್ತೆ ಇದೇ ಮೇಜು.
ಕೊರೆಯದೆ ತೆಳ್ಳನೆಯ ಸರಳು ತೂರಿಸಿದರೆ
ಬೇಗ ಕಾಲೂರುತ್ತಾರೆ."
ಪ್ಲೇಟಿನ ಮಾತು ಎದ್ದು ಅಲ್ಲೇ ಬಿತ್ತು:
ಹೊದೆಸಲು ತೊಗಲಿಲ್ಲದ ಕಡೆ ಪ್ಲೇಟು ಯಾರಿಗೆ?

ನಾನು ಎರಡೂ ಟ್ರೇ ಬಿಚ್ಚಿಟ್ಟೆ.

ಕುಂಞಾಲಿಗೆ ಬೇಲಿ. ನಾಲ್ಕು ಮೊಳೆ, ಎರಡು ಕಂಬಿ.
ಅವನ ಹೆಂಡತಿ ನಬೀಸ ದಿನಾ ಬೆಳಿಗ್ಗೆ
ಒಂದೊಂದು ಮೊಳೆಯ ಬುಡ ಹತ್ತಿಯಿಂದ ಒರೆಸುತ್ತ
ಮೊಳೆಗೊಂದು ಬೈಗುಳ ಬೈಯುತ್ತಿದ್ದಳು,
ಮಗುವಿನ ಕಿವಿ ತೊಳೆದ ಹಾಗೆ.
ಎರಡು ಮೊಳೆ ಕೀವಾಯಿತು, ಒಂದು ಸಡಿಲವಾಯಿತು.

ಚಾತನಿಗೆ ಸರಳು. ಹೊರಗೆ ಏನೂ ಕಾಣದು.
ವಾರಕ್ಕೆ ಊರುಗೋಲು ಹಿಡಿದು ವರಾಂಡ ಸುತ್ತಿದ.
ಎರಡು ತಿಂಗಳಿಗೆ ಮರಳಿ ಬಂದ. ಅಡ್ಡಸ್ಕ್ರೂ ಮುರಿದಿದೆ
ಎಂದಿತು ಎಕ್ಸ್‌ರೇ. ಅವನಿಗೆ ಅದರ ಚಿಂತೆಯಿಲ್ಲ:
"ಅಕ್ಕಾ, ಕುಕ್ಕರುಗಾಲಲ್ಲಿ ಕೂರೋಕಾಗಲ್ಲ,
ಏಣೀಲಿ ಮೂರನೇ ಮೆಟ್ಲಿಗೆ ಮಂಡಿ ಉರಿಯುತ್ತೆ."
ಈ ಮಾತು ಡಾಕ್ಟರುಗಳ ಚೀಟಿಯಲ್ಲಿ ಯಾವ ಕಾಲಮ್ಮಿಗೆ ಬಂತೋ.

ಸೆಪ್ಟೆಂಬರಿನಲ್ಲಿ ಬೇಲಿ ನನ್ನ ಬೇಸಿನ್ನಿಗೆ ವಾಪಸು ಬಂತು.
ಕುಂಞಾಲಿಯ ಕಾಲು ಕೂಡಿತ್ತು, ಕೊಂಚ ಹೊರವಾಲಿ.
"ಲಾರಿಯ ಬ್ರೇಕಿಗೆ ಸರಿಯಾಗೇ ಕೂರುತ್ತೆ," ಅಂದನಂತೆ.
ಹಲ್ಲುಜ್ಜುವ ಬ್ರಷ್ಷಿನಿಂದ ಕ್ಲಾಂಪು ತಿಕ್ಕುವಾಗ
ಅದರ ಬಾಯಲ್ಲಿ ಲುಂಗಿಯ ನೀಲಿ ನೂಲು,
ಏಳು ತಿಂಗಳಿನದು.
ಬಿಡಿಸಲು ಸೂಜಿಯೇ ಬೇಕಾಯಿತು.

ಚಾತನ ಸರಳು ಬಂದಿಲ್ಲ. ವಹಿಯ ಸಾಲು ಖಾಲಿ.
ಹೋದ ತಿಂಗಳು ಸಿದ್ದಾಪುರದ ಸಂತೆಯಲ್ಲಿ ಕಂಡೆ:
ನಾನು ಹಬೆ ಹಾಕಿ ಕಳಿಸಿದ ಉಕ್ಕು
ಬುಟ್ಟಿಯ ಮುಂದೆ ಮಂಡಿ ಮಡಿಸದೆ ನಿಂತು
ಮತ್ತಿ ಮೀನಿಗೆ ಚೌಕಾಸಿ ಮಾಡುತ್ತಿತ್ತು.

ಬೇಲಿ ಈಗ ಇನ್ನೊಬ್ಬಳ ಕಾಲಿನಲ್ಲಿದೆ.
ಹೆಸರು ಬರೆದುಕೊಂಡಿದ್ದೇನೆ.
ಬರುವ ತಾರೀಕು ಬರೆದಿಲ್ಲ.