ಐದು ಸೆಕೆಂಡು

ಹೆಂಗಸಾದರೂ ನನ್ನ ಹುದ್ದೆಯ ಹೆಸರು ಪಾಯಿಂಟ್ಸ್‌ಮನ್.
ಅರಸೀಕೆರೆ ಜಂಕ್ಷನ್ನು, ಹಾಸನದ ಹಳಿ ಕವಲೊಡೆಯುವ ಕಡೆ,
ಹನ್ನೊಂದು ವರ್ಷ.
ಈಗೆಲ್ಲ ಮೋಟಾರೇ ಹೊರಳಿಸುತ್ತದೆ.
ಅದು ಕೈಕೊಟ್ಟ ರಾತ್ರಿ
ಕ್ರ್ಯಾಂಕು, ಕ್ಲ್ಯಾಂಪು, ಬೀಗ, ನಾನು.

ಹಗಲು ನಿದ್ದೆ ಹತ್ತದ ಒಂದು ಮಂಗಳವಾರ
ಹಳೆ ಫೋನು ಮುಂದಿಟ್ಟುಕೊಂಡು ಕೂತೆ.
ಕಂಪನಿ ಅದರ ಕೈಬಿಟ್ಟು ಮೂರು ವರ್ಷ.
ತಿಪಟೂರು ರಸ್ತೆಯ ಮೊಬೈಲ್ ಅಂಗಡಿ ನಾಗಭೂಷಣ
ಕೊಬ್ಬರಿ ಮಂಡಿಯ ರಸೀದಿ ಹಿಂದೆ ಬರೆದುಕೊಟ್ಟಿದ್ದ:
ಮೊದಲು ಬೀಗ ತೆಗಿ. ಆಮೇಲೆ ಜಾಗ ಪಾಲು ಮಾಡು.
ನಡುವೆ ವೈರು ಅಲ್ಲಾಡಿತೋ, ಫೋನು ಇಟ್ಟಿಗೆ.

ಎಲ್ಲ ಅಳಿಸಿಹೋಗುತ್ತದೆ, ಒಪ್ಪಿಗೆಯೇ? ಅಂತ ಕೇಳಿತು.
ಮದುವೆಯಲ್ಲೂ ನನ್ನನ್ನು ಯಾರೂ
ಇಷ್ಟು ನಿಧಾನವಾಗಿ ಕೇಳಿರಲಿಲ್ಲ.
ಒಪ್ಪಿದೆ.

ಅಂಗೈಯಗಲದ ಮನೆಗೆ ಗೋಡೆ ಎದ್ದಿತು.
ಹಳೆಯದಕ್ಕೆ ಹಜಾರ: ಸಂಜೆಯೊಳಗೆ ಎಲ್ಲ ಹೆಸರೂ ವಾಪಸ್ಸು,
ಡ್ಯೂಟಿ ಗ್ರೂಪು, ಚೀಟಿ ಗ್ರೂಪು,
ನಾದಿನಿಯ ಮುಂಜಾನೆ ಗುಲಾಬಿಗಳು.
ಹೊಸದಕ್ಕೆ ಒಂದು ಕೋಣೆ.
ಅದರಲ್ಲಿ ಗಡಿಯಾರ, ರೇಡಿಯೋ, ಅಷ್ಟೆ.
ಫೋಟೋ ಇಡುವ ಹಿತ್ತಲು ಇಬ್ಬರಿಗೂ ಸೇರಿದ್ದು.

ಎರಡರ ನಡುವೆ ಒಂದು ಕಪ್ಪು ಪರದೆ ಬರುತ್ತದೆ,
ಅಲ್ಲಿ ಯಾವಾಗಲೂ ಸಾವಿರದ ಒಂಬೈನೂರ ಎಪ್ಪತ್ತು, ಜನವರಿ.
ಆಗ ಅವ್ವ ಇನ್ನೂ ಲಂಗ ಉಡುವ ಹುಡುಗಿ,
ಈ ಹಳಿ ಮೀಟರ್ ಗೇಜು, ಗಾಡಿ ಕಲ್ಲಿದ್ದಲಿನದು.
ಆಮೇಲೆ ಕೇಳುತ್ತದೆ: ಯಾವುದರಲ್ಲಿ ಏಳಲಿ?
ಐದು ಸೆಕೆಂಡು ಕಾಯುತ್ತದೆ.
ಬೆರಳಾಡದಿದ್ದರೆ ಹಳೆಯದೇ.

ಬುಧವಾರ ಬೆರಳಾಡಿಸಿದೆ.
ಏನು ನಿದ್ದೆ! ಒಂದು ಟಿಣ್ ಇಲ್ಲ, ಒಂದು ಗುಲಾಬಿ ಇಲ್ಲ.
ಅಲಾರಂ ಇಟ್ಟದ್ದು ಆಚೆ ಕೋಣೆಯಲ್ಲಿ.
ಮಲಗಿದವರಿಗೆ ಗಂಟೆ ಹೊಡೆಯುವುದು ಯಾರು?

ಕತ್ತಲಲ್ಲಿ ಫೋನು ಅದುರಿತು.
ಗೋಡೆ ಎಬ್ಬಿಸಿದರೇನು, ಸಿಮ್ಮು ಒಂದೇ.
ಹತ್ತು ಅಂಕಿ. ಹೆಸರಿಲ್ಲ.
ಯಾರು? ಅಂದೆ.
ಆ ಕಡೆ ಗಾಳಿ. ದೂರದಲ್ಲಿ ಎಂಜಿನ್ ಹಾರ್ನು.
ಯಾರು ಬೇಕಿತ್ತು? ಅಂದೆ ಮತ್ತೆ.
'ಅಕ್ಕಾ... ನಾನು ಕಣಕ್ಕಾ, ಜಬೀವುಲ್ಲ. ಹತ್ತೂಕಾಲು ಆಯ್ತು.'

ಏಳು ವರ್ಷ ಒಂದೇ ದೀಪ ಕೈಯಿಂದ ಕೈಗೆ ಕೊಟ್ಟವನು.
ಓಡಿದೆ, ಸೆರಗು ಒಂದು ಕಡೆ, ಷೂ ಲೇಸು ಒಂದು ಕಡೆ.
ದೀಪ ಕೊಟ್ಟ. ರಿಜಿಸ್ಟರಿನಲ್ಲಿ ಹತ್ತು ಗಂಟೆ ಅಂತಲೇ ಬರೆದಿದ್ದ.
ನನ್ನ ಹೆಸರು ಅಳಿಸಿದೆಯಾ, ಅಂತ ಕೇಳಲಿಲ್ಲ.
ಟೀ ಕುಡಿಯದೆ ಹೋದ. ಅದೊಂದೇ ಕೇಳಿದ ಹಾಗಿತ್ತು.

ನಡುರಾತ್ರಿ ಮೋಟಾರು ನಿಂತಿತು.
ಗೂಡ್ಸು ಹೊರಗೆ ಕಾಯುತ್ತಿದೆ, ಕೆಂಪು ಕಣ್ಣಿನೆದುರು.
ಕ್ರ್ಯಾಂಕು ತಿರುಗಿಸುತ್ತ ಬಗ್ಗಿ ನೋಡಿದೆ:
ಕವಲಿನಲ್ಲಿ ಎರಡು ಕಬ್ಬಿಣದ ನಾಲಿಗೆ.
ಮನುಷ್ಯರಿಗೆ ಎರಡು ನಾಲಿಗೆ ಇರಬಾರದು ಅನ್ನುತ್ತಿದ್ದಳು ಅವ್ವ.
ಹಳಿಗೆ ಇರಲೇಬೇಕು.
ಆದರೆ ಗಾಡಿ ಹಾಯುವಾಗ ಒಂದು ಅಂಟಿರಬೇಕು, ಒಂದು ಬಿಟ್ಟಿರಬೇಕು.
ಅಂಟಿದ ಕಡೆ ನಾಣ್ಯದಷ್ಟು ಸಂದು ಉಳಿದರೂ
ಇಡೀ ಗಾಡಿ ಹೊರಗೇ.

ಕ್ಲ್ಯಾಂಪು ಬಿಗಿದೆ, ಬೀಗ ಹಾಕಿದೆ, ಹಸಿರು ತೋರಿಸಿದೆ.
ಐವತ್ತೆಂಟು ವ್ಯಾಗನ್ನು ಎಣಿಸಿದೆ,
ಹಿಂದಿನ ಕೆಂಪು ದೀಪ ಕಾಣುವ ತನಕ.

ಬೆಳಗ್ಗೆ ಲಾಕರಿನಿಂದ ತೆಗೆದು ಫೋನು ಒತ್ತಿದೆ.
ಎಪ್ಪತ್ತನೇ ಇಸವಿ ಬಂತು, ಹೋಯಿತು.
ಯಾವುದರಲ್ಲಿ ಏಳಲಿ?
ಪ್ಲಾಟ್‌ಫಾರಂ ಕೊನೆಯ ಕಲ್ಲುಬೆಂಚಿನ ಮೇಲೆ ಕೂತು
ಅವನ ಹತ್ತು ಅಂಕಿ ನೆನಪಿಸಿಕೊಳ್ಳುತ್ತಿದ್ದೆ.
ಏಳು ಅಂಕಿ ಬಂದವು.
ಅಷ್ಟರಲ್ಲಿ ಐದು ಸೆಕೆಂಡು ಮುಗಿದಿತ್ತು.