ಕಚ್ಚು

ಜಮಖಂಡಿಯ ಹಲ್ಲಿನ ಡಾಕ್ಟರು, ಜಕನೂರ ಅಂತ,
ಸಣ್ಣ ಕನ್ನಡಿ ಬಾಯಾಗ ಇಟ್ಟು ಕೇಳಿದ್ರು:
"ದಿನಾ ಏನ ಕಚ್ಚತೀರಿ ಯಮ್ಮಾ ನೀವು?
ಮುಂದಿನ ಹಲ್ಲಿಗೆ ಗರಗಸ ಹಚ್ಚಿದಂಗ ಆಗೇತಿ."
ಬಾಯಿ ತೆರೆದಿತ್ತು, ಉತ್ತರ ಕೊಡಾಕ ಬರಲಿಲ್ಲ.
ಬಾಯಾಗ ಏನರ ಇಟ್ಟಕೊಂಡು ಸುಮ್ಮನಿರೋದು
ನನಗ ಹೊಸಾದಲ್ಲ.

ಇಪ್ಪತ್ತೆರಡು ವರ್ಷ.
ನಲವತ್ತು ನಂಬರಿನ ಬಿಳಿ ದಾರ,
ಒಂದು ತುದಿ ಹಲ್ಲಾಗ, ಉಳಿದದ್ದು ಎರಡೂ ಕೈಯಾಗ,
ನಡುವ ಏಳು ಸುತ್ತಿನ ಹುರಿ.
ಬೆರಳು ಅಗಲಿಸಿದ್ರ ಓಡತೈತಿ, ಕೂಡಿಸಿದ್ರ ಹೊಳ್ಳಿ ಬರತೈತಿ,
ನಮ್ಮಪ್ಪನ ಲಾಳಿ ಹೋಗಿ ಬಂದಂಗ.
ಬನಹಟ್ಟಿಯ ನೇಕಾರ ಓಣ್ಯಾಗ ಹುಟ್ಟಿದಾಕಿ,
ದಾರ ಬಿಟ್ಟು ಬ್ಯಾರೆ ಏನ ಹಿಡೀಲಿ?
"ನಾ ಹರದ ಎಳಿ ಉಗುಳು ಹಚ್ಚಿ ಕೂಡಸ್ತೀನಿ,
ನೀ ಇದ್ದದ್ದನ್ನ ಕೀಳತಿ" ಅಂದಿದ್ದ ಅಪ್ಪ.
ಒಂದ ಸಲ ನಕ್ಕೋತ,
ಒಂದ ಸಲ ನಗದನ.

ಗುಲಾಬಿ ಬ್ಯೂಟಿ ಪಾರ್ಲರ್, ಹೆಂಗಸರಿಗೆ ಮಾತ್ರ.
ಒಂದು ಪರದೆ, ಎರಡು ಕುರ್ಚಿ,
ಗ್ವಾಡಿಯ ಆ ಕಡೆ ಹನ್ನೆರಡು ಪವರ್‌ಲೂಮು.
ಕನ್ನಡಿ ಸದಾ ನಡಗತಿರತೈತಿ.
ಕರೆಂಟ್ ಹೋದಾಗಷ್ಟ ಮಾರಿ ನೆಟ್ಟಗ ಕಾಣತಾವು.

ಮೊದಲ ಪೌಡರು. ಆಮ್ಯಾಲ:
"ಚರ್ಮ ಜಗ್ಗಿ ಹಿಡೀರಿ,
ಒಂದ ಬಟ್ಟು ಮ್ಯಾಲ, ಒಂದ ಕೆಳಗ, ಸಡ್ಲ ಬಿಡಬ್ಯಾಡ್ರಿ."
ಬಿಟ್ಟರ ಚರ್ಮಾನ ಸಿಗತೈತಿ ಹುರಿಯಾಗ.
ಕೂದಲ ಬೆಳದ ದಿಕ್ಕಿಗೆ ಎದುರು ಹೋಗಬೇಕು.
ಎಡಗಣ್ಣು ಮೊದಲ ನೀರಾಡತೈತಿ, ಯಾರದರ ಆಗಲಿ.
ಕಾಸೀಂಬಿ ಸೀನತಾಳ, ಪ್ರತಿ ಸಲ ಮೂರು.
ಎಣಿಸಿಕೋತ ಕಾಯತೀನಿ.

ದಾರ ಬಾಯಾಗ ಇದ್ದಾಗ ನನಗ ಮಾತಿಲ್ಲ.
ಅದಕ್ಕ ಅವರು ಮಾತಾಡತಾರ,
ಕಣ್ಣು ಮುಚ್ಚಿ, ತಮ್ಮ ಹುಬ್ಬು ತಾವ ಜಗ್ಗಿ ಹಿಡಕೊಂಡು:
ಅತ್ತಿಯ ಬೋರಮಾಳ ಯಾರು ಒಯ್ದ್ರು,
ಮೂರನೇ ಬಸಿರು ಯಾಕ ನಿಲ್ಲಲಿಲ್ಲ,
ಬ್ಯಾಂಕಿನ ಮೇಡಂ ಯಾರಿಗೂ ಹೇಳದ ವರ್ಗಾ ಬೇಡಿ ಬರದದ್ದು,
ಗಂಡನ ಊರಿಂದ ಎಷ್ಟ ದೂರ ಆದ್ರ ಅಷ್ಟ ಚಲೋ ಅಂತ.
ನಾ ಹ್ಞೂಂ ಸುದ್ದಾ ಅನ್ನಂಗಿಲ್ಲ, ಅಂದ್ರ ದಾರ ಸಡ್ಲ.
ಮೂವತ್ತು ರೂಪಾಯಿ ಕೊಟ್ಟು,
ಎರಡೂ ಸಮ ಅದಾವೇನ ಅಂತ ಕನ್ನಡಿ ನೋಡಿ
ಹಗೂರಾಗಿ ಹೋಗತಾರ.
ಸಮ ಇರಂಗಿಲ್ಲ. ಯಾರ ಮಾರಿಯಾಗೂ ಇಲ್ಲ.
ಒಂದರ ತಪ್ಪು ಇನ್ನೊಂದಕ್ಕ ಹಂಚಿ ಹಾಕೋದಷ್ಟ
ನನ್ನ ಕೈಗೆಲಸ.

ಡಾಕ್ಟರು ಹಲ್ಲು ತಿಕ್ಕಿ ಮ್ಯಾಲ ಟೋಪಿ ಕೂಡಿಸಿದ್ರು. ನುಣ್ಣಗ.
ನಾಲಿಗಿ ಹೋಗಿ ಹೋಗಿ ಆ ಕಚ್ಚು ಹುಡುಕತೈತಿ,
ಕೆಡವಿದ ಹೊಸ್ತಿಲಕ್ಕ ಇನ್ನೂ ಕಾಲ ಎತ್ತಿಟ್ಟಂಗ.
ದಾರ ಇಟ್ಟೆ.
ಜಾರಿತು.

ಈ ವಾರ ಎಲ್ಲಾ ಕಸ್ತೂರಿ ಕೈಗೆ ಕೊಟ್ಟೀನಿ.
ಆರು ತಿಂಗಳು ತನ್ನ ಕಾಲಿನ ಕೂದಲ ಮ್ಯಾಲ ಕಲತಾಕಿ,
ಮೊಣಕಾಲ ಕೆಳಗೆಲ್ಲಾ ಕೆಂಪ ಗೀರು.
ಹಲ್ಲು ಮಾತ್ರ ಈಗರ ಸುಲಿದ ಶೇಂಗಾ, ಒಂದ ಕಚ್ಚಿಲ್ಲ.
ನಾ ಬಾಜೂಕ ನಿಂತು ಮೊಬೈಲಿನ ಬೆಳಕು ಹಿಡೀತೀನಿ.

ನಿನ್ನೆ ಸಂಜಿ ಬ್ಯಾಂಕಿನ ಮೇಡಂ ಬಂದ್ರು.
ಕರೆಂಟ್ ಹೋಗಿತ್ತು. ಮಗ್ಗ ನಿಂತಿದ್ವು, ಕನ್ನಡಿ ನಿಂತಿತ್ತು.
ಕಸ್ತೂರಿ ದಾರ ಕಚ್ಚಿದ್ಲು.
ಮೇಡಂ ಕಣ್ಣು ಮುಚ್ಚಿ ಅಂದ್ರು:
"ವರ್ಗಾ ಆತ್ರಿ, ಕಾರವಾರಕ್ಕ.
ಹೋಗಬೇಕೋ ಬ್ಯಾಡೋ, ಈಗ ತಿಳೀವಲ್ತು."
ಕಸ್ತೂರಿ ಬಾಯಿ ಕಟ್ಟಿತ್ತು. ನನ್ನದು ಖಾಲಿ.
ಇಷ್ಟ ವರ್ಷದಾಗ ಮೊದಲ ಸಲ
ಉತ್ತರ ಕೊಡೋ ಪಾಳಿ ನನಗ ಬಂದಿತ್ತು.

ನಾಲಿಗಿ ಹೊಸ ಹಲ್ಲಿನ ತನಕ ಹೋತು, ಬಂತು.
"ಮೇಡಂ," ಅಂದೆ,
"ಸ್ವಲ್ಪ ಬಿಗಿಯಾಗಿ ಹಿಡೀರಿ."